ಹಾಟ್ ಡಾಗ್ ತಿನ್ನದವರ ಕೋನಿ ನೆನಪು
ಡೆಟ್ರಾಯ್ಟ್ ಸುತ್ತಿನ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ



ಈ ಸಲದ ಯುಗಾದಿ ಊಟದಲ್ಲಿ ಹೋಳಿಗೆ ಬರುವ ಮೊದಲೇ ಒಂದು ಸುದ್ದಿ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋಯಿತು. ನಮ್ಮ ಕಡೆಯ ಕೋನಿ ಬಾಗಿಲು ಹಾಕಿತಂತೆ. ಹಿರಿಯರೆಲ್ಲ ‘ಅಯ್ಯೋ’ ಎಂದರು. ಒಬ್ಬರು ಕೋಸಂಬರಿ ಬಡಿಸುವ ಕೈಯನ್ನು ಅಲ್ಲೇ ನಿಲ್ಲಿಸಿದರು. ಆಗ, ಬೆಂಗಳೂರಿನಿಂದ ಬಂದು ಇನ್ನೂ ಒಂದು ಚಳಿಗಾಲವನ್ನೂ ಪೂರ್ತಿ ನೋಡದ ಹುಡುಗನೊಬ್ಬ ಮುಗ್ಧವಾಗಿ ಕೇಳಿದ: “ಅದು ಹಾಟ್ ಡಾಗ್ ಅಂಗಡಿ ಅಲ್ವಾ ಆಂಟಿ? ನೀವೆಲ್ಲ ಹಾಟ್ ಡಾಗ್ ತಿಂತಿದ್ರಾ?”

ಎಲ್ಲರೂ ನಕ್ಕರು. ಉತ್ತರವನ್ನು ಮಾತ್ರ ಯಾರೂ ಕೊಡಲಿಲ್ಲ. ತಿನ್ನದವರಿಗೆ ಏನು ಹೇಳಬೇಕೋ ತೋಚಲಿಲ್ಲ. ತಿಂದವರು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮುಖ ನೋಡಿದರು. ಆ ಹುಡುಗನಿಗೂ ಅವನಂಥ ಹೊಸಬರಿಗೂ ಉತ್ತರ ಹೇಳೋಣ, ಹಾಗೆಯೇ ನಮ್ಮ ಹಿರಿಯರ ಹತ್ತಿರ ಒಂದು ಕೆಲಸ ಮಾಡಿಸಿಕೊಳ್ಳೋಣ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಹೊಸಬರಿಗೆ. ಕೋನಿ ಐಲೆಂಡ್ ಎಂಬ ಕಡಲತೀರ ಇರುವುದು ನ್ಯೂಯಾರ್ಕಿನಲ್ಲಿ. ಆದರೆ ಮಿಷಿಗನ್ನಿನಲ್ಲಿ ಯಾರಾದರೂ ‘ಕೋನಿಗೆ ಹೋಗೋಣ’ ಎಂದರೆ ಕಡಲಿಗೆ ಕರೆಯುತ್ತಿಲ್ಲ, ಊಟಕ್ಕೆ ಕರೆಯುತ್ತಿದ್ದಾರೆ. ಗ್ರೀಸ್ ಮತ್ತು ಮ್ಯಾಸಿಡೋನಿಯಾ ಕಡೆಯಿಂದ ಬಂದ ವಲಸಿಗರು ನೂರು ವರ್ಷಗಳ ಹಿಂದೆ ಇಲ್ಲಿ ಹಾಟ್ ಡಾಗಿಗೆ ತಮ್ಮದೇ ಮಾಂಸದ ಗೊಜ್ಜು ಸುರಿದು ಮಾರತೊಡಗಿದರು. ಜಾಕ್ಸನ್ ಊರಿನಲ್ಲಿ 1914ರಲ್ಲಿ ಶುರುವಾಯಿತು. ಡೆಟ್ರಾಯ್ಟಿನ ಪೇಟೆ ನಡುವೆ, ಲಫಾಯೆಟ್ ಮತ್ತು ಮಿಷಿಗನ್ ರಸ್ತೆಗಳು ಕೂಡುವಲ್ಲಿ, ಗಸ್ಟ್ ಕೆರೋಸ್ ಎಂಬ ಗ್ರೀಕ್ ವಲಸಿಗ 1917ರಲ್ಲಿ ‘ಅಮೆರಿಕನ್ ಕೋನಿ ಐಲೆಂಡ್’ ತೆರೆದ. ಮುಂದೆ ಅವನ ತಮ್ಮ ಬಿಲ್ ಪಕ್ಕದಲ್ಲೇ ‘ಲಫಾಯೆಟ್ ಕೋನಿ ಐಲೆಂಡ್’ ಇಟ್ಟ. ಎರಡಕ್ಕೂ ನಡುವೆ ಒಂದು ಗೋಡೆ. ಯಾರ ಗೊಜ್ಜು ರುಚಿ ಎಂಬ ಜಗಳ ಅಂದಿನಿಂದ ಇಂದಿನವರೆಗೂ ಮುಗಿದಿಲ್ಲ. ಈ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬನೂ ಒಂದು ಪಕ್ಷಕ್ಕೆ ಸೇರಿದವನೇ. ಒಂದೇ ಮನೆಯಲ್ಲಿ ಅಪ್ಪ ಅಮೆರಿಕನ್, ಮಗ ಲಫಾಯೆಟ್ ಆಗಿರುವುದೂ ಉಂಟು.

ತಿಂಡಿಯ ಲಕ್ಷಣವನ್ನೂ ಹೇಳಿಬಿಡುತ್ತೇನೆ. ಕಚ್ಚಿದರೆ ಪಟ್ಟೆಂದು ಒಡೆಯುವ ತೆಳುಪೊರೆಯ ಸಾಸೇಜು, ಹಬೆಯಲ್ಲಿ ಮೆತ್ತಗಾದ ಬನ್ನು, ಮೇಲೆ ‘ಚಿಲ್ಲಿ’ ಎಂಬ, ಬೀನ್ಸ್ ಹಾಕದ ದನದ ಮಾಂಸದ ಗೊಜ್ಜು, ಹಳದಿ ಸಾಸಿವೆ, ಹಸಿ ಈರುಳ್ಳಿ ಚೂರು. ಡೆಟ್ರಾಯ್ಟಿನಲ್ಲಿ ಆ ಚಿಲ್ಲಿ ತೆಳ್ಳಗೆ ಹರಿಯುತ್ತದೆ. ಒಂದು ಗಂಟೆ ದಾರಿಯ ಫ್ಲಿಂಟಿನಲ್ಲಿ ಒಣಗಿದ ಹುಡಿಯಂತೆ ಉದುರುತ್ತದೆ, ಅಲ್ಲಿ ಅದಕ್ಕೆ ದನದ ಹೃದಯದ ಮಾಂಸ ಸೇರಿಸುತ್ತಾರೆ. ಸಾಸೇಜು 1916ರಿಂದ ಅದೇ ಊರಿನಲ್ಲಿರುವ ಕೇಗಲ್ ಕಂಪನಿಯದೇ ಆಗಬೇಕು. ಸಸ್ಯಾಹಾರಿಯೊಬ್ಬಳು ಇಷ್ಟು ಹೇಳಬಲ್ಲಳು ಎಂದರೆ ಎಷ್ಟು ಹೊತ್ತು ಪಕ್ಕದ ಮೇಜುಗಳ ಮಾತು ಕೇಳುತ್ತಾ ಕೂತಿದ್ದಿರಬೇಕು, ನೀವೇ ಲೆಕ್ಕ ಹಾಕಿ.

ಕೋನಿಗಳು ಬೆಳೆದದ್ದು ಕಾರಿನ ಜೊತೆಗೆ. ಹೆನ್ರಿ ಫೋರ್ಡ್ 1914ರಲ್ಲಿ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದಾಗ ಜಗತ್ತಿನ ಮೂಲೆ ಮೂಲೆಯಿಂದ ಗಂಡಸರು ಇಲ್ಲಿಗೆ ಹರಿದು ಬಂದರು. ಕಾರ್ಖಾನೆ ಪಾಳಿಯ ನಡುವೆ ಅವರಿಗೆ ಸಿಗುತ್ತಿದ್ದ ಬಿಡುವು ಕಡಿಮೆ, ಮನೆಯಲ್ಲಿ ಅಡುಗೆ ಮಾಡುವವರು ಯಾರೂ ಇಲ್ಲ. ಕೈಯಲ್ಲಿ ಹಿಡಿದು ತಿಂದು ಮುಗಿಸುವ, ಅಗ್ಗದ, ಬಿಸಿಯಾದ, ಹೊಟ್ಟೆ ತುಂಬುವ ಊಟ ಬೇಕಿತ್ತು. ಪಾಳಿ ಮೂರು ಹೊತ್ತೂ ಇದ್ದದ್ದರಿಂದ ಅಂಗಡಿಯೂ ಮೂರು ಹೊತ್ತೂ ತೆರೆದಿರಬೇಕಾಯಿತು. ಇಪ್ಪತ್ತನಾಲ್ಕು ಗಂಟೆಯೂ ಬಾಗಿಲು ಹಾಕದ ಕೋನಿಯ ಗುಟ್ಟು ಇಷ್ಟೇ.

ಅವು ಹಬ್ಬಿದ ರೀತಿಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಗ್ರೀಸಿನ ಹಳ್ಳಿಯಿಂದ ಹುಡುಗನೊಬ್ಬ ಬರುತ್ತಾನೆ. ದೊಡ್ಡಪ್ಪನ ಅಂಗಡಿಯಲ್ಲಿ ತಟ್ಟೆ ತೊಳೆಯುತ್ತಾನೆ, ಆಮೇಲೆ ಈರುಳ್ಳಿ ಹೆಚ್ಚುತ್ತಾನೆ, ಆಮೇಲೆ ಕಾವಲಿಯ ಮುಂದೆ ನಿಲ್ಲುತ್ತಾನೆ, ಒಂದು ದಿನ ಗಲ್ಲಾದ ಮೇಲೆ ಕೂರುತ್ತಾನೆ. ಅಷ್ಟು ಹೊತ್ತಿಗೆ ನೆಂಟರ ಹತ್ತಿರ ಕೈಗಡ ತಂದು ಇನ್ನೊಂದು ಅಡ್ಡರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟು ಊರಿನಿಂದ ತಮ್ಮನನ್ನು ಕರೆಸಿಕೊಂಡಿರುತ್ತಾನೆ. ಉಡುಪಿ ಹೋಟೆಲು ಬೊಂಬಾಯಿ, ಮದರಾಸುಗಳಿಗೆ ಹೋದದ್ದೂ ಹೀಗೆಯೇ. ಕೋನಿಗಳಿಗೆ ಒಂದು ಕಂಪನಿ, ಒಬ್ಬ ಮಾಲೀಕ ಎಂಬುದು ಇರಲಿಲ್ಲ. ಹೆಸರಿನ ಕೊನೆಯಲ್ಲಿ ಎಲ್ಲವೂ ‘ಕೋನಿ ಐಲೆಂಡ್’, ಮಾಲೀಕರು ನೂರಾರು ಮನೆತನ. ಕಂಪನಿಯ ರೂಪದ ಸರಪಳಿಗಳು ಆಮೇಲೆ ಬಂದವು: ರೋಸ್‌ವಿಲ್ಲಿನ ಮಕೋಂಬ್ ಮಾಲಿನಲ್ಲಿ 1965ರಲ್ಲಿ ಶುರುವಾದ ‘ನ್ಯಾಷನಲ್’, ಉಪನಗರಗಳಲ್ಲೆಲ್ಲ ಕಾಣುವ ‘ಲಿಯೋಸ್’, ಕೆರೋಸ್ ಮನೆತನದವರೇ ನಡೆಸಿದ ‘ಕರ್ಬೀಸ್’.

ಉಪನಗರಕ್ಕೆ ಬಂದ ಕೋನಿ ಬರೀ ಹಾಟ್ ಡಾಗಿನ ಅಂಗಡಿಯಾಗಿ ಉಳಿಯಲಿಲ್ಲ. ಬೀಟ್‌ರೂಟು, ಕಡಲೆಕಾಳು ಹಾಕಿದ ಗ್ರೀಕ್ ಸಲಾಡು, ನಿಂಬೆ ಹಿಂಡಿದ ಅಕ್ಕಿ ಸೂಪು, ಪಾಲಕ್ ಸೊಪ್ಪಿನ ಪೈ, ಮೇಜಿನ ಪಕ್ಕದಲ್ಲೇ ಬೆಂಕಿ ಹಚ್ಚಿ ‘ಓಪಾ!’ ಎಂದು ಕೂಗುವ ಚೀಸು, ಯಾವ ಹೊತ್ತಿಗೆ ಕೇಳಿದರೂ ಆಮ್ಲೆಟ್ಟು, ಕೊನೆಗೆ ದಾಲ್ಚಿನ್ನಿ ಪುಡಿ ಉದುರಿಸಿದ ಅಕ್ಕಿಯ ಪುಡ್ಡಿಂಗು. ನಮ್ಮ ಕಥೆ ಶುರುವಾಗುವುದು ಈ ಮೆನು ಕಾರ್ಡಿನಿಂದ.

ಅಮೆರಿಕ ತನ್ನ ವಲಸೆ ಕಾನೂನನ್ನು 1965ರಲ್ಲಿ ಸಡಿಲಿಸಿದ ಮೇಲೆ ನಮ್ಮ ಕಡೆಯ ಎಂಜಿನಿಯರುಗಳು, ಡಾಕ್ಟರುಗಳು ಈ ಊರಿಗೆ ಬಂದರು. ಕಾರಿನ ಕಂಪನಿಗಳು, ಅವುಗಳಿಗೆ ಬಿಡಿಭಾಗ ಒದಗಿಸುವ ಕಾರ್ಖಾನೆಗಳು, ಆಸ್ಪತ್ರೆಗಳು ಅವರಿಗೆ ಕೆಲಸ ಕೊಟ್ಟವು. ಈಗಿನಂತೆ ಪ್ರತಿ ಸಾಲಂಗಡಿಯಲ್ಲೂ ಮಸಾಲೆ ದೋಸೆ ಸಿಗುತ್ತಿರಲಿಲ್ಲ. ಅಕ್ಕಿ, ಬೇಳೆ ತರುವುದೇ ಶನಿವಾರದ ಕೆಲಸವಾಗಿತ್ತು. ಮನೆಯಿಂದ ಹೊರಗೆ ಹೊಟ್ಟೆ ಹಸಿದರೆ ಎಲ್ಲಿಗೆ ಹೋಗುವುದು? ಬಿಳಿ ಬಟ್ಟೆ ಹಾಸಿದ ರೆಸ್ಟೋರೆಂಟಿಗೆ ಹೋದರೆ ‘ಮಾಂಸ ಬೇಡ’ ಎಂದ ಕೂಡಲೇ ಲೆಟ್ಯೂಸ್ ಎಲೆ ತಂದಿಡುತ್ತಿದ್ದರು. ಹ್ಯಾಂಬರ್ಗರ್ ಅಂಗಡಿಯಲ್ಲಿ ಬನ್ನಿನೊಳಗೆ ಬರೀ ಚೀಸು ಇಡಿ ಎಂದರೆ ಹುಡುಗಿ ಮ್ಯಾನೇಜರನ್ನು ಕರೆಯುತ್ತಿದ್ದಳು.

ಕೋನಿಯಲ್ಲಿ ಹಾಗಾಗಲಿಲ್ಲ. ನಾನು ರಾತ್ರಿ ಪಾಳಿಯಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಕಾಲ. ಬೆಳಗಿನ ಜಾವ ಕೆಲಸ ಮುಗಿಸಿ, ಹಿಮ ಮೆಟ್ಟಿಕೊಂಡು ಹತ್ತಿರದ ಕೋನಿಗೆ ಹೋದರೆ ಗಾಜಿನ ಕಿಟಕಿಗಳೆಲ್ಲ ಹಬೆಯಿಂದ ಮಂಜಾಗಿರುತ್ತಿದ್ದವು. ಗಲ್ಲಾದಲ್ಲಿ ಕೂತ ಮುದುಕಪ್ಪ ಮೊದಲ ದಿನವೇ ಕೇಳಿದ್ದ: “ಮಾಂಸ ಇಲ್ಲ, ಅಷ್ಟೇ ತಾನೆ? ಮೊಟ್ಟೆ? ಹಾಲು?” ನಾನು ಹೇಳಿದೆ. “ಸರಿ, ನಮ್ಮ ಅಮ್ಮನೂ ವರ್ಷದಲ್ಲಿ ಎಷ್ಟೋ ದಿನ ಹಾಗೇ” ಎಂದು ಒಳಗೆ ಕೂಗಿದ. ಗ್ರೀಕ್ ಆರ್ಥಡಾಕ್ಸ್ ಕ್ರೈಸ್ತರು ಈಸ್ಟರಿಗೆ ಮುಂಚಿನ ನಲವತ್ತು ದಿನ ಮಾಂಸ ಮಾತ್ರವಲ್ಲ, ಹಾಲು ಮೊಟ್ಟೆಯನ್ನೂ ಬಿಡುತ್ತಾರೆ ಎಂದು ನನಗೆ ತಿಳಿದದ್ದು ಆಮೇಲೆ. ಉಪವಾಸ ಗೊತ್ತಿರುವ ಮನೆತನಕ್ಕೆ ನಮ್ಮ ಪಥ್ಯ ವಿಚಿತ್ರವಾಗಿ ಕಾಣಲಿಲ್ಲ. ಅವರ ಬೇಳೆ ಸೂಪು ಬಿಸಿಬಿಸಿಯಾಗಿ ಬಂತು, ಜೊತೆಗೆ ಸುಟ್ಟ ಬ್ರೆಡ್ಡು.

ಕಾವಲಿಯ ಪ್ರಶ್ನೆಯೂ ಇತ್ತು, ಮುಚ್ಚಿಡುವುದಿಲ್ಲ. ಆಲೂಗಡ್ಡೆ ಹುರಿಯುವ ಕಾವಲಿಯ ಮೇಲೇ ಬೇಕನ್ನೂ ಬೇಯುತ್ತಿತ್ತು. ನಮ್ಮಲ್ಲಿ ಕೆಲವರು ಅದಕ್ಕೇ ಕೋನಿಯ ಕಡೆ ತಲೆ ಹಾಕಲಿಲ್ಲ. ಕೆಲವರು ಬಾಣಲೆಯಲ್ಲಿ ಬೇರೆಯಾಗಿ ಮಾಡಿಕೊಡಿ ಎಂದು ಕೇಳಿಕೊಂಡರು, ಅವರೂ ಮಾಡಿಕೊಟ್ಟರು. ಇನ್ನು ಕೆಲವರು ಕಣ್ಣು ಮುಚ್ಚಿ ತಿಂದು ಊರಿಗೆ ಬರೆದ ಪತ್ರದಲ್ಲಿ ಆ ಸಾಲನ್ನು ಬಿಟ್ಟರು. ಎಲ್ಲವನ್ನೂ ತಿನ್ನುವ ಕನ್ನಡಿಗರೂ ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದರು, ಅವರಿಗೆ ಲಫಾಯೆಟ್ ಪಕ್ಷವೂ ಇತ್ತು, ಅಮೆರಿಕನ್ ಪಕ್ಷವೂ ಇತ್ತು. ಆ ಜಗಳದಲ್ಲಿ ತಲೆ ಹಾಕದೆ ಕೂತು ನೋಡುವ ಸುಖ ಮಾತ್ರ ನಮ್ಮಂಥ ಸಸ್ಯಾಹಾರಿಗಳದ್ದೇ.

ಬೆಳಗಿನ ಜಾವದ ಆ ಹೊತ್ತಿನ ಗಿರಾಕಿಗಳನ್ನು ನೆನೆಸಿಕೊಳ್ಳಿ. ಕಾರ್ಖಾನೆಯಿಂದ ಪಾಳಿ ಬಿಟ್ಟು ಬಂದವರು, ಪಾಳಿಗೆ ಹೊರಟವರು, ಪೊಲೀಸರು, ನರ್ಸುಗಳು, ಟ್ಯಾಕ್ಸಿಯವರು, ಕ್ಲಬ್ಬಿನಲ್ಲಿ ಬಾರಿಸಿ ಸುಸ್ತಾದ ವಾದ್ಯಗಾರರು. ಬಿಳಿಯರ ಬೀದಿ, ಕರಿಯರ ಬೀದಿ ಎಂದು ಗೆರೆ ಕೊರೆದಂತೆ ಹಂಚಿಹೋಗಿದ್ದ ಊರು ಇದು. 1967ರ ಗಲಭೆಯ ಗಾಯ ಆಗಿನ್ನೂ ಹಸಿಯಾಗಿತ್ತು. ಅಂಥ ಊರಿನಲ್ಲಿ ಎಲ್ಲರೂ ಒಂದೇ ಕಟ್ಟೆಯ ಮುಂದೆ ಪಕ್ಕಪಕ್ಕ ಕೂರುತ್ತಿದ್ದ ಜಾಗಗಳು ಕೆಲವೇ ಇದ್ದವು. ಸೀರೆಯ ಮೇಲೆ ಕೋಟು ತೊಟ್ಟ ಹೆಂಗಸು ಒಳಗೆ ಬಂದರೆ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ತಟ್ಟೆಗೆ ತಲೆ ಹಾಕುತ್ತಿದ್ದರು. ಹೊಸದಾಗಿ ಬಂದವಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು? ಈ ಊರಿನಲ್ಲಿ ಯಾರೂ ನನ್ನನ್ನು ವಿಶೇಷವಾಗಿ ಗಮನಿಸದ ಮೊದಲ ಜಾಗ ಅದು.

ಹಾಗಾದರೆ ಕೋನಿಗಳು ಏಕೆ ಹೋಗುತ್ತಿವೆ? ಯುಗಾದಿ ಪಂಕ್ತಿಯಲ್ಲಿ ‘ಕಾಲ ಕೆಟ್ಟಿತು’ ಎಂದವರಿದ್ದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪಾಳಿಯನ್ನು ನಂಬಿ ಬೆಳೆದ ಅಂಗಡಿ ಪಾಳಿ ಹೋದರೆ ಏನು ಮಾಡೀತು? 1950ರಲ್ಲಿ ಡೆಟ್ರಾಯ್ಟ್ ನಗರದ ಜನಸಂಖ್ಯೆ ಹದಿನೆಂಟೂವರೆ ಲಕ್ಷದ ಹತ್ತಿರ ಇತ್ತು. 2020ರ ಗಣತಿಯಲ್ಲಿ ಆರು ಲಕ್ಷ ನಲವತ್ತು ಸಾವಿರವನ್ನೂ ಮುಟ್ಟಲಿಲ್ಲ. ಫ್ಲಿಂಟಿನಲ್ಲಿ ಜನರಲ್ ಮೋಟರ್ಸ್ ಒಂದು ಕಾಲಕ್ಕೆ ಸುಮಾರು 80 ಸಾವಿರ ಜನರಿಗೆ ಕೆಲಸ ಕೊಟ್ಟಿತ್ತು, ಈಗ ಅದರ ಒಂದು ಚೂರು ಉಳಿದಿದೆ. ಅಲ್ಲಿ 1949ರಲ್ಲಿ ತೆರೆದು ಊರಿಗೇ ಹೆಸರಾಗಿದ್ದ ‘ಆಂಜಲೋಸ್’ ಕೋನಿ 2018ರಲ್ಲಿ ಮುಚ್ಚಿತು. ಸೌತ್‌ಫೀಲ್ಡಿನಲ್ಲಿ 1954ರಲ್ಲಿ ತೆರೆದ ನಾರ್ತ್‌ಲ್ಯಾಂಡ್ ಮಾಲ್ 2015ರಲ್ಲಿ ಬಾಗಿಲು ಹಾಕಿತು. ಮಾಲಿಗೆ ಬರುವ ಜನರನ್ನು ನಂಬಿದ್ದ ಅಂಗಡಿಗಳಿಗೆ ಎಲ್ಲ ಕಡೆಯೂ ಅದೇ ಗತಿ. 2020ರಲ್ಲಿ ಕೋವಿಡ್ ಬಂದು ರಾತ್ರಿಯ ವ್ಯಾಪಾರ ನಿಂತಿತು. ಇಪ್ಪತ್ತನಾಲ್ಕು ಗಂಟೆ ತೆರೆದಿರುತ್ತಿದ್ದ ಎಷ್ಟೋ ಕೋನಿಗಳು ಆಮೇಲೆ ಮತ್ತೆ ರಾತ್ರಿ ತೆರೆಯಲೇ ಇಲ್ಲ. ಮಾಂಸದ ಬೆಲೆ, ಬಾಡಿಗೆ, ಕೆಲಸಕ್ಕೆ ಜನ ಸಿಗದಿರುವುದು, ಇವನ್ನು ಬೇರೆ ಹೇಳಬೇಕಿಲ್ಲ.

ಇನ್ನೊಂದು ಕಾರಣವನ್ನು ಸಂಕಟವೆಂದು ಕರೆಯಲು ನನಗೆ ಮನಸ್ಸಿಲ್ಲ. ಗಲ್ಲಾದ ಹಿಂದೆ ಕೂತು ಲೆಕ್ಕ ಕಲಿತ ಮಕ್ಕಳು ಓದಿ ವಕೀಲರಾದರು, ದಂತವೈದ್ಯರಾದರು. ಅಪ್ಪ ದಿನಕ್ಕೆ ಹದಿನಾರು ಗಂಟೆ ಕಾವಲಿಯ ಮುಂದೆ ನಿಂತದ್ದೇ ಮಗ ಅಲ್ಲಿ ನಿಲ್ಲಬಾರದೆಂದು. ಅವರ ಆಸೆ ಕೈಗೂಡಿದ್ದರಿಂದಲೇ ಅಂಗಡಿ ಮುಚ್ಚಿತು. ನಾವು ಅದಕ್ಕೆ ಅಳುತ್ತಾ ಕೂತರೆ ಆ ಮಕ್ಕಳು ನಮ್ಮ ಬಾಲ್ಯದ, ಯೌವನದ ನೆನಪಿಗಾಗಿ ಈರುಳ್ಳಿ ಹೆಚ್ಚುತ್ತಿರಬೇಕು ಎಂದು ಕೇಳಿದ ಹಾಗಾಗುತ್ತದೆ. ನಮ್ಮ ಮಕ್ಕಳಿಗೆ ನಾವು ಅಂಥ ಮಾತು ಹೇಳುತ್ತೇವೆಯೇ?

ಮುಚ್ಚಿದ ಅಂಗಡಿಗಳೆಲ್ಲ ಮಣ್ಣಾಗಿಲ್ಲ ಎಂಬುದನ್ನೂ ಗಮನಿಸಿ. ಗ್ರೀಕರು ಬಿಟ್ಟ ಕಾವಲಿಯ ಮುಂದೆ ಎಷ್ಟೋ ಕಡೆ ಅಲ್ಬೇನಿಯಾದವರು ನಿಂತರು. ಲಫಾಯೆಟ್ಟಿನಲ್ಲಿ ತೋಳಿನ ಉದ್ದಕ್ಕೂ ತಟ್ಟೆಗಳನ್ನು ಜೋಡಿಸಿಕೊಂಡು ಬರುವ ಆ ಪ್ರಸಿದ್ಧ ಸಪ್ಲೈಯರುಗಳಲ್ಲಿ ಯೆಮನಿನಿಂದ ಬಂದವರು ಅನೇಕರು. ಡಿಯರ್‌ಬಾರ್ನಿನಲ್ಲಿ ಹಲಾಲ್ ಕೋನಿಗಳೂ ಇವೆ. ಒಬ್ಬ ವಲಸಿಗ ಮೇಲೆ ಹೋದಾಗ ಖಾಲಿಯಾಗುವ ಮೆಟ್ಟಿಲಿನ ಮೇಲೆ ಇನ್ನೊಬ್ಬ ವಲಸಿಗ ಕಾಲಿಡುತ್ತಾನೆ.

ಹೀಗಿರುವಾಗ ನಮಗೆ ಉಳಿದ ದುಃಖ ಯಾವುದು? ನನ್ನ ಮಟ್ಟಿಗೆ ಅದು ಒಂದೇ. ಪೇಟೆಯ ಎರಡು ಹೆಸರಾಂತ ಕೋನಿಗಳ ಕಥೆಯನ್ನು ಯಾರೂ ಮರೆಯುವುದಿಲ್ಲ. ಟಿವಿಯವರು ಬರುತ್ತಾರೆ, ಪ್ರವಾಸಿಗರು ಸಾಲು ನಿಲ್ಲುತ್ತಾರೆ. ಅಮೆರಿಕನ್ ಕೋನಿ ಲಾಸ್ ವೇಗಸ್ಸಿನ ಜೂಜುಕಟ್ಟೆಯವರೆಗೂ ಹೋಗಿದೆ. ‘ಕೋನಿ ಡೆಟ್ರಾಯ್ಟ್’ ಎಂಬ ಪುಸ್ತಕವನ್ನು ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕಾಶನ 2012ರಲ್ಲೇ ತಂದಿದೆ. ಸಾಸೇಜಿನ ಪೊರೆ, ಗೊಜ್ಜಿನ ಗುಟ್ಟು, ಕುಟುಂಬಗಳ ಪೈಪೋಟಿ ಎಲ್ಲಕ್ಕೂ ಬರೆಯುವವರು ಸಿಕ್ಕಿದ್ದಾರೆ. ಸಿಗದೆ ಉಳಿದಿರುವುದು ಅಡ್ಡರಸ್ತೆಯ, ಪೆಟ್ರೋಲ್ ಬಂಕಿನ ಪಕ್ಕದ, ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ಕೋನಿ. ಅದರೊಳಗೆ ಬೆಳಗಿನ ಜಾವ ಬೇಳೆ ಸೂಪು ಕುಡಿಯುತ್ತಿದ್ದ ಮೈಸೂರಿನ, ದಾವಣಗೆರೆಯ, ಧಾರವಾಡದ ಗಿರಾಕಿಗಳು. ಹಾಟ್ ಡಾಗ್ ಅಂಗಡಿಯ ಚರಿತ್ರೆಯಲ್ಲಿ ಹಾಟ್ ಡಾಗ್ ತಿನ್ನದವರಿಗೆ ಯಾರು ಪುಟ ಕೊಟ್ಟಾರು? ಆ ಪುಟವನ್ನು ನಾವೇ ಬರೆಯಬೇಕು. ಬರೆಯಬಲ್ಲವರಿಗೆ ವಯಸ್ಸಾಗುತ್ತಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೇಳಿಕೆಗಳು ಇವು.

ಹಿರಿಯರೇ, ನವೆಂಬರಿನ ರಾಜ್ಯೋತ್ಸವ ಸಂಚಿಕೆಗೆ ನಿಮ್ಮ ಕೋನಿಯ ಬಗ್ಗೆ ಒಂದೊಂದು ಪುಟ ಬರೆದುಕೊಡಿ. ಸಂಪಾದಕರ ಹತ್ತಿರ ಜಾಗ ಕೇಳುವ ಕೆಲಸ ನನ್ನದು. ಸಾಹಿತ್ಯ ಬೇಡ. ಅಂಗಡಿ ಯಾವ ಅಡ್ಡರಸ್ತೆಯಲ್ಲಿತ್ತು, ನೀವು ಯಾವ ಕಾರ್ಖಾನೆಯಿಂದ ಬರುತ್ತಿದ್ದಿರಿ, ಏನು ಕೊಡಿ ಎನ್ನುತ್ತಿದ್ದಿರಿ, ಅವರು ಏನು ತಂದಿಡುತ್ತಿದ್ದರು, ಇಷ್ಟು ಸಾಕು. ಹಳೆಯ ಬಿಲ್ಲು, ಮೆನು ಕಾರ್ಡು, ಕಿಟಕಿಯ ಪಕ್ಕ ಕೂತ ಫೋಟೋ ಇದ್ದರೆ ಕೊಡಿ, ಸ್ಕ್ಯಾನ್ ಮಾಡಿ ಹಿಂದಿರುಗಿಸುತ್ತೇನೆ. ಕೈ ನಡುಗುವವರು ಫೋನಿನಲ್ಲಿ ಹೇಳಿದರೆ ಬರೆದುಕೊಳ್ಳಲು ನಮ್ಮ ಮನೆಯ ಹುಡುಗಿಯರು ಸಿದ್ಧರಿದ್ದಾರೆ.

ಇನ್ನೂ ತೆರೆದಿರುವ ಕೋನಿಯ ಹತ್ತಿರ ಮನೆಯಿರುವವರೇ, ವಾರದ ನಡುವಿನ ಒಂದು ಬೆಳಿಗ್ಗೆ ಹೋಗಿ. ಭಾನುವಾರ ಚರ್ಚು ಬಿಟ್ಟ ಮೇಲೆ ಅಲ್ಲಿ ಹೇಗೂ ಜನ ಇರುತ್ತಾರೆ. ಮಂಗಳವಾರ ಹತ್ತು ಗಂಟೆಗೆ ಮೇಜುಗಳು ಖಾಲಿ. ಬರೀ ಕಾಫಿ ಕುಡಿದು ಎರಡು ಗಂಟೆ ಹರಟದೆ ತಿಂಡಿಯನ್ನೂ ತರಿಸಿ. ಬಡಿಸಿದವರ ಕೈಗೆ ಟಿಪ್ಸು ನಗದಾಗಿ ಇಡಿ. ‘ನಾನು ಮೊದಲು ಬಂದಾಗ ಇಲ್ಲೇ ಊಟ ಮಾಡಿದ್ದು’ ಎಂಬ ಮಾತನ್ನು ಅಂಗಡಿ ಮುಚ್ಚಿದ ಮೇಲೆ ನಮ್ಮ ನಮ್ಮಲ್ಲೇ ಹೇಳಿಕೊಳ್ಳುವ ಬದಲು, ಗಲ್ಲಾದಲ್ಲಿ ಕೂತವರಿಗೆ ಈಗಲೇ ಹೇಳಿ. ಅವರಿಗೆ ಅದು ಗೊತ್ತಿರಲಾರದು.

ಹೊಸಬರೇ, ಮುಖ್ಯವಾಗಿ ಪಂಕ್ತಿಯಲ್ಲಿ ಆ ಪ್ರಶ್ನೆ ಕೇಳಿದ ಹುಡುಗನೇ, ನಿನಗೆ ಹಾಟ್ ಡಾಗ್ ಇಷ್ಟವಿದ್ದರೆ ಅಮೆರಿಕನ್, ಲಫಾಯೆಟ್ ಎರಡಕ್ಕೂ ಹೋಗಿ ತಿಂದು ಒಂದು ಪಕ್ಷ ಸೇರಿಕೋ. ಈ ಊರಿನವನಾಗಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಇಷ್ಟವಿಲ್ಲದಿದ್ದರೆ ಪಾಲಕ್ ಪೈ ತೆಗೆದುಕೋ, ಯಾರೂ ಏನೂ ಅನ್ನುವುದಿಲ್ಲ.

ಕೊನೆಯ ಕೇಳಿಕೆ ಎಲ್ಲರಿಗೂ. ಈಗ ನಮ್ಮ ಸಾಲಂಗಡಿಗಳಲ್ಲಿ ದೋಸೆ ಹುಯ್ಯುತ್ತಿರುವವರು ನೂರು ವರ್ಷದ ಹಿಂದೆ ಆ ಗ್ರೀಕ್ ಹುಡುಗರು ನಿಂತಿದ್ದ ಜಾಗದಲ್ಲೇ ನಿಂತಿದ್ದಾರೆ. ಅವರ ಮಕ್ಕಳೂ ನಾಳೆ ಡಾಕ್ಟರಾಗುತ್ತಾರೆ, ಆಗಲಿ. ಆದರೆ ಅವರ ಹೆಸರು, ಊರು, ಅಂಗಡಿ ತೆರೆದ ವರ್ಷವನ್ನು ಈಗಲೇ ಕೇಳಿ ಬರೆದಿಡಿ. ರಾಜ್ಯೋತ್ಸವ ಸಂಚಿಕೆಯಲ್ಲಿ ಕೋನಿಗಳ ಪುಟದ ಎದುರು ಪುಟ ಅವರಿಗಾಗಿ ಇರಲಿ.

ಬರಹಗಳು ವಿಜಯದಶಮಿಯೊಳಗೆ ತಲುಪಬೇಕು. ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಎಂಬ ಸಾಲು ಯಾರ ಪುಟದಲ್ಲಿ ಬಂದರೂ ನಾನು ಹೊಡೆದುಹಾಕುತ್ತೇನೆ, ಮೊದಲೇ ತಿಳಿಸಿದ್ದೇನೆ. ಅದರ ಬದಲು ಆಗ ಕಾಫಿಗೆ ಎಷ್ಟು ಕೊಟ್ಟಿರಿ, ಎರಡನೇ ಲೋಟಕ್ಕೆ ದುಡ್ಡು ತೆಗೆದುಕೊಂಡರೋ ಇಲ್ಲವೋ, ಅದನ್ನು ಬರೆಯಿರಿ.

ಇಂತು ನಿಮ್ಮ,
ರಾತ್ರಿ ಪಾಳಿಯ ಹಳೆಯ ಗಿರಾಕಿ